ಟೇಪಣ್ಣನ ಪುಸ್ತಕವನ್ನು ನಂಬಿದ ವಿಜ್ಞಾನಿ

ಸಿಹಿನೀರಿನ ಮೀನುಗಳ ಸಂರಕ್ಷಣೆಯ ಮಾತು ಬಂದ ಕೂಡಲೇ, ಅದು ವಿದ್ವತ್ಸಭೆಯಾಗಿರಲಿ, ನದಿದಂಡೆಯ ಚಹದ ಅಂಗಡಿಯಾಗಿರಲಿ, ಜನ ಮೊದಲು ನೆನೆಯುವುದು ನಮ್ಮ ಸಂಶೋಧನಾ ಕೇಂದ್ರದ ಮುಖ್ಯಸ್ಥೆಯಾಗಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಹಿರಿಯ ವಿಜ್ಞಾನಿಯನ್ನು. ಕೇಂದ್ರದಲ್ಲಿ ಅವರು ಎಲ್ಲರಿಗೂ ಬರೀ ಮೇಡಂ. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಅವರು ಬರೆದ ಪ್ರಬಂಧಗಳ ಪಟ್ಟಿ ಈ ಅಭಿನಂದನಾ ಸಂಪುಟದ ಕೊನೆಯಲ್ಲಿದೆ. ಅವುಗಳ ಹಿರಿಮೆಯನ್ನು ಬಲ್ಲವರು ಬೇರೆ ಲೇಖನಗಳಲ್ಲಿ ವಿವರಿಸಿದ್ದಾರೆ. ಈ ಲೇಖನ ಹೇಳಹೊರಟಿರುವುದು ಬೇರೆಯೇ ಒಂದು ಸಂಗತಿ. ತಾಮ್ರಬಾಲವೆಂಬ ಅಪರೂಪದ ಮೀನು ನಮ್ಮ ನದಿಯಿಂದ ಅಳಿದೇ ಹೋಯಿತೆಂದು ಸರಕಾರಿ ಮುದ್ರೆ ಬೀಳಲು ಆರೇ ವಾರ ಉಳಿದಿದ್ದಾಗ, ಅದನ್ನು ಉಳಿಸಿಕೊಳ್ಳಲು ಮೇಡಂ ಯಾರ ಸಹಾಯ ಕೇಳಿದರು ಎಂಬ ಸಂಗತಿ. ಅದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಮೇಡಂ ಕೇಂದ್ರಕ್ಕೆ ಬಂದದ್ದು ಇಪ್ಪತ್ತಾರರ ವಯಸ್ಸಿನಲ್ಲಿ, ಒಂದು ಸೂಟ್‌ಕೇಸು ಮತ್ತು ಎರಡು ಜೊತೆ ರಬ್ಬರ್ ಬೂಟುಗಳೊಂದಿಗೆ. ಅವರಿಗೆ ಸಿಕ್ಕಿದ ಕೋಣೆ ತೊಟ್ಟಿಗಳ ಪಂಪಿನ ಪಕ್ಕದ್ದು. ಅಲ್ಲಿ ಮಾತಾಡಬೇಕೆಂದರೆ ಗಂಟಲು ಹರಿದುಕೊಳ್ಳಬೇಕಿತ್ತು. ಮುಖ್ಯಸ್ಥೆಯಾದ ಮೇಲೂ ಅವರು ಆ ಕೋಣೆ ಬಿಡಲಿಲ್ಲ. ಪಂಪು ನಿಂತರೆ ಮೊದಲು ತಮಗೇ ತಿಳಿಯಬೇಕು ಎನ್ನುವುದು ಅವರು ಕೊಟ್ಟ ಕಾರಣ. ಜೋರಾಗಿ ಮಾತಾಡುವ ಅಭ್ಯಾಸ ಅಲ್ಲಿಂದಲೇ ಅಂಟಿಕೊಂಡಿದ್ದು; ಅವರು ಮನೆಯಲ್ಲಿ ಗುಟ್ಟು ಹೇಳಿದರೆ ಎದುರು ಮನೆಯವರಿಗೂ ತಿಳಿಯುತ್ತದೆ ಎಂದು ಅವರ ತಾಯಿ ಎಷ್ಟೋ ಸಲ ಗೊಣಗಿದ್ದುಂಟು.

ಅವರ ಸೌಜನ್ಯಗಳನ್ನು ಎಣಿಸುತ್ತ ಹೋದರೆ ಪುಟಗಳು ಸಾಲವು, ಒಂದನ್ನು ಮಾತ್ರ ಹೇಳಬೇಕು. ಕೇಂದ್ರದಲ್ಲಿ ಅಂಕಿಸಂಖ್ಯೆ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿಯೊಬ್ಬ ಹೆಂಡತಿಯ ಹೆರಿಗೆಯ ಗಾಬರಿಯಲ್ಲಿ ವಾರ್ಷಿಕ ವರದಿಯ ಕೋಷ್ಟಕವೊಂದನ್ನು ತಲೆಕೆಳಗು ಮಾಡಿ ಅಚ್ಚಿಗೆ ಕಳಿಸಿದ್ದ. ಅದು ಬಯಲಾದ ದಿನ ಮೇಲಧಿಕಾರಿಗಳ ಮುಂದೆ ಮೇಡಂ ಎದ್ದು ನಿಂತು, ಕೋಷ್ಟಕ ತಪ್ಪಾಗಿದೆ, ಪರಿಶೀಲಿಸಬೇಕಾದವಳು ತಾನು, ಪರಿಶೀಲಿಸಲಿಲ್ಲ ಎಂದುಬಿಟ್ಟರು. ಹೊರಗೆ ಬಂದ ಮೇಲೆ ಆತನನ್ನು ಕೇಳಿದ್ದು ಮಗು ಹೇಗಿದೆ ಎಂದಷ್ಟೇ. ಆ ಸಹೋದ್ಯೋಗಿಯೇ ಈ ಲೇಖನ ಬರೆಯುತ್ತಿರುವುದು. ಮುಂದೆಯೂ ಆತ ಆಗಾಗ ಬರುತ್ತಾನೆ. ಆತನಿಂದ ಹೆಚ್ಚು ಜಾಣತನ ನಿರೀಕ್ಷಿಸಬಾರದಾಗಿ ಓದುಗರಲ್ಲಿ ವಿನಂತಿ.

ತಾಮ್ರಬಾಲ ಮೇಡಂ ಅವರ ಜೀವನದ ಮೀನು. ಆಳುದ್ದದ ಮೀನಲ್ಲ, ಆದರೂ ಎರಡೂ ಕೈ ಚಾಚಿ ಎತ್ತಬೇಕಾದಷ್ಟು ದೊಡ್ಡದು. ಬಿಸಿಲು ಬಿದ್ದರೆ ಬಾಲ ಉಜ್ಜಿಟ್ಟ ತಾಮ್ರದ ಪಾತ್ರೆಯಂತೆ ಹೊಳೆಯುತ್ತದೆ. ಅದರ ಸಂಖ್ಯೆ ಇಳಿಯುತ್ತಿರುವುದನ್ನು ಮೊದಲು ಲೆಕ್ಕಹಾಕಿ ತೋರಿಸಿದವರು ಮೇಡಂ. ಅದು ವಾಸಿಸುವ ಎಂಟು ಮೈಲಿ ನದಿಯಲ್ಲಿ ಗಾಳ ಹಾಕುವುದನ್ನು ಸಂಪೂರ್ಣ ನಿಷೇಧಿಸಬೇಕೆಂದು ಶಿಫಾರಸು ಮಾಡಿದವರೂ ಅವರೇ, ಆದೇಶದ ಒಕ್ಕಣೆಯನ್ನು ಬರೆದುಕೊಟ್ಟವರೂ ಅವರೇ. ರಜಾದಿನಗಳಲ್ಲಿ ಕೋಲು ಹಿಡಿದು ದಂಡೆಯಲ್ಲಿ ಕೂರುವ ಅಂಚೆಯವರು, ಕ್ಷೌರಿಕರು, ನಿವೃತ್ತ ಮೇಷ್ಟ್ರುಗಳು ಅವರ ಕಣ್ಣಿಗೆ ಆಗ ಕಾಲಹರಣಕ್ಕಾಗಿ ಮೀನಿನ ಬಾಯಿ ಚುಚ್ಚುವ ಜನ. ಆದೇಶ ಜಾರಿಯಾದ ದಿನ ಕೇಂದ್ರದಲ್ಲಿ ಎಲ್ಲರಿಗೂ ಸಿಹಿ ಹಂಚಿದರು, ಮತ್ತು ಎಲ್ಲರೂ ತಿಂದರು.

ಆಮೇಲೆ ಆದದ್ದು ಯಾರೂ ಎಣಿಸದ ಸಂಗತಿ. ಗಾಳದವರು ಹೋದ ಮೇಲೆ ದಂಡೆ ಬಿಕೋ ಎನ್ನತೊಡಗಿತು. ವಾರಕ್ಕೆ ನಾಲ್ಕು ದಿನ ಅಲ್ಲಿ ಕೂತು ನೀರಿನ ಬಣ್ಣ ಬದಲಾದರೂ ಗುರುತಿಸುತ್ತಿದ್ದ ಕಣ್ಣುಗಳು ಇಲ್ಲವಾದವು. ಖಾಲಿ ದಂಡೆಗೆ ಸಣ್ಣ ಕಣ್ಣಿನ ಬಲೆಗಳೂ ಸಿಡಿಮದ್ದೂ ಆರಾಮವಾಗಿ ಬಂದವು. ಎಂಟು ಮೈಲಿಗೆ ಕೇಂದ್ರದ ಇಬ್ಬರು ಕಾವಲುಗಾರರು ಎಲ್ಲಿ ಸಾಲುತ್ತಾರೆ? ಮೂರು ವರ್ಷ ಸಮೀಕ್ಷೆಯ ಬಲೆ ಹಾಕಿದರೂ ಒಂದೇ ಒಂದು ತಾಮ್ರಬಾಲ ಸಿಗಲಿಲ್ಲ. ನಾಲ್ಕನೆಯ ವರ್ಷ ನದಿ ಸಮಿತಿಯಿಂದ ಪತ್ರ ಬಂತು: ಮೀನು ಇರುವುದಕ್ಕೆ ಆರು ವಾರಗಳೊಳಗೆ ಪುರಾವೆ ಕೊಡದಿದ್ದರೆ ಅದು ಅಳಿದುಹೋಗಿದೆ ಎಂದು ಘೋಷಿಸಿ, ಆ ಭಾಗವನ್ನು ರಕ್ಷಿತ ಪಟ್ಟಿಯಿಂದ ತೆಗೆದು, ನೀರನ್ನು ವಿದ್ಯುತ್ ಕಾಲುವೆಗೆ ತಿರುಗಿಸಲಾಗುವುದು. ಪತ್ರ ಓದಿದ ಮೇಡಂ ಪಂಪಿನ ಸದ್ದಿನ ಕೋಣೆಯಲ್ಲಿ ಇಡೀ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತಿದ್ದರು. ತಾನು ಉಳಿಸಲು ಹೊರಟ ಮೀನನ್ನು ತಾನೇ ಕಳೆದುಬಿಟ್ಟೆನೇ ಎಂಬ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳಿಕೊಂಡೆ ಎಂದು ಬಹಳ ವರ್ಷಗಳ ಮೇಲೆ ಅವರೇ ಹೇಳಿದರು.

ಇಂಥ ದಿನಗಳಲ್ಲೇ ಅವರ ಮಳೆಕೋಟಿನ ಜೇಬು ಹರಿಯಿತು. ಅದೊಂದು ಹರಿಯದಿದ್ದರೆ ಈ ಸಂಪುಟವೇ ಇರುತ್ತಿರಲಿಲ್ಲವೇನೋ.

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಒಂದು ಬೆಂಚು ಮಾತ್ರ ಹಿಡಿಸುವಷ್ಟು ಅಂಗಡಿಯಲ್ಲಿ ದರ್ಜಿಯೊಬ್ಬರಿದ್ದರು. ಊಟಕ್ಕೆ ಕೂತಾಗಲೂ ಕೊರಳಿನಿಂದ ಅಳತೆಪಟ್ಟಿ ಇಳಿಸದ ಅವರನ್ನು ಊರೆಲ್ಲ ಟೇಪಣ್ಣ ಎಂದೇ ಕರೆಯುತ್ತಿತ್ತು. ಮೇಡಂ ಹೋದಾಗ ಅವರು ಗುಂಡಿ ತರಲು ಹೊರಗೆ ಹೋಗಿದ್ದರು. ಅಂಗಡಿಯಲ್ಲಿದ್ದ ಅವರ ಹೆಂಡತಿ, ಹೊಸ ಕೋಟೇ ಹೊಲಿಸುವುದು ಮೇಲೆಂದು, ಮೇಡಂ ಅವರ ಹಳೆಯ ಅಳತೆ ಇರಬಹುದೆಂದು ಮೇಜಿನ ಕೆಳಗಿದ್ದ ಉದ್ದನೆಯ ಪುಸ್ತಕ ತೆಗೆದು ಪುಟ ತಿರುಗಿಸುತ್ತ ಜೋರಾಗಿ ಓದತೊಡಗಿದರು. ಉದ್ದ ಮೂವತ್ತೊಂದು. ಎದೆಸುತ್ತು ಹತ್ತೊಂಬತ್ತು. ಎಡ ಭುಜ ಇಳಿಜಾರು. ತೋಳಿನ ಅಳತೆ ಇಲ್ಲ. ಬಾಲ ಎಂಟು.

ಆಕೆ ಓದು ನಿಲ್ಲಿಸಿ ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು. ಬಟ್ಟೆ ಒಯ್ಯಲು ಯಾವತ್ತೂ ಬಾರದ ಈ ಗಿರಾಕಿಗಳು ಯಾರು ಎಂದು ವರ್ಷಗಳಿಂದ ಕೇಳುತ್ತಿದ್ದೇನೆ, ಈ ಮನುಷ್ಯ ಬಾಯಿ ಬಿಡುವುದಿಲ್ಲ ಎಂದು ಮೇಡಂ ಅವರಲ್ಲೇ ದೂರು ಹೇಳಿದರು. ಮೇಡಂ ಮಾತ್ರ ಬೆಂಚಿನಿಂದ ಎದ್ದು ಪುಸ್ತಕವನ್ನು ಕೈಗೆ ತೆಗೆದುಕೊಂಡಿದ್ದರು. ಆ ಉದ್ದಕ್ಕೆ ಆ ಎದೆಸುತ್ತು, ಆ ಬಾಲ, ಈ ಜಗತ್ತಿನಲ್ಲಿ ಒಂದೇ ಜೀವಿಯದ್ದು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಟೇಪಣ್ಣ ಬಾಗಿಲಿಗೆ ಬಂದರು. ನಿಷೇಧ ಹೇರಿದ ಅಧಿಕಾರಿಯ ಕೈಯಲ್ಲಿ ತಮ್ಮ ಪುಸ್ತಕ ಕಂಡು ಅವರು ಕೈಲಿದ್ದ ಪೊಟ್ಟಣ ಬಿಟ್ಟರು. ತಂದಿದ್ದ ಗುಂಡಿಗಳು ನೆಲದ ತುಂಬ ಉರುಳಿದವು.

“ಹಿಡ್ದಿದ್ದು ನಿಜ ಮೇಡಂ,” ಎಂದರು ಟೇಪಣ್ಣ. “ಬಿಟ್ಟಿದ್ದೂ ನಿಜ. ಒಂದನ್ನೂ ಮನೆಗೆ ತಂದಿಲ್ಲ, ಬೇಕಾದ್ರೆ ಇವಳನ್ನ ಕೇಳಿ.”

ಹೆಂಡತಿ ಹೌದೆಂದರು. ಅಷ್ಟು ವರ್ಷ ನದಿಗೆ ಹೋಗಿ ಬರಿಗೈಲಿ ಬರುವ ಗಂಡನ ಬಗ್ಗೆ ತಾನು ಏನೇನು ಅನುಮಾನ ಪಟ್ಟಿದ್ದೆ ಎಂಬುದನ್ನೂ ಸೇರಿಸಿದರು.

ಆ ಪುಸ್ತಕದಲ್ಲಿ ಹನ್ನೊಂದು ವರ್ಷಗಳ ಅಳತೆಗಳಿದ್ದವು. ಕೊಕ್ಕೆಯ ಮುಳ್ಳನ್ನು ಅರದಿಂದ ಉಜ್ಜಿ ತೆಗೆದು, ಹಿಡಿದ ಮೀನನ್ನು ನೀರಿನಲ್ಲೇ ಇಟ್ಟು ಅಳೆದು, ಬಿಡುವುದು ಟೇಪಣ್ಣನ ಕ್ರಮ. ಅಳೆಯದೆ ಬಿಡುವುದು ಅವರಿಂದ ಆಗದ ಕೆಲಸ. ಕಸುಬಿನ ಚಟ ಅದು. ಪ್ರತಿಯೊಂದಕ್ಕೂ ನಂಬರು, ಪ್ರತಿಯೊಂದರ ಮುಂದೆ ದರ್ಜಿಯ ಭಾಷೆಯಲ್ಲೇ ಗುರುತು: ಬಾಲದ ಕೆಳಗಂಚಿನಲ್ಲಿ ಒಂದು ಕಚ್ಚು, ಕಿವಿರಿನ ಹಿಂದೆ ಮೂರು ಹುರುಪೆ ತೇಪೆ ಹಾಕಿದಂತೆ. ಅದೇ ಗಿರಾಕಿ ಮತ್ತೆ ಸಿಕ್ಕಿದರೆ ಹಳೆಯ ಅಳತೆಯ ಕೆಳಗೆ ಹೊಸದು. ನಿಷೇಧದ ವರ್ಷಗಳಲ್ಲೂ ಅಳತೆ ನಿಂತಿರಲಿಲ್ಲ, ತಾರೀಖು ಬರೆಯುವುದನ್ನೂ ಮರೆತಿರಲಿಲ್ಲ. ಕದ್ದು ಮಾಡುವ ಕೆಲಸಕ್ಕೆ ಇಷ್ಟು ಅಚ್ಚುಕಟ್ಟಾಗಿ ಸಾಕ್ಷಿ ಬರೆದಿಟ್ಟುಕೊಂಡ ತಪ್ಪಿತಸ್ಥ ಇನ್ನೊಬ್ಬ ಸಿಗಲಿಕ್ಕಿಲ್ಲ.

ಮೇಡಂ ಅದನ್ನು ಎದೆಗವಚಿಕೊಂಡು ಕೇಂದ್ರಕ್ಕೆ ತಂದರು. ಈಗ ಅಂಕಿಸಂಖ್ಯೆಯ ಸಹೋದ್ಯೋಗಿಯ ಸರದಿ. ಆತ ಪುಟ ತಿರುಗಿಸಿ ಮೂಗು ಮುರಿದ. ಗಾಳದವರು ಹೇಳುವ ಉದ್ದವನ್ನು ಅವರ ಹೆಂಡಿರೂ ನಂಬುವುದಿಲ್ಲ, ನಾವು ನಂಬಿ ಸಮಿತಿಯ ಮುಂದೆ ನಗೆಪಾಟಲಾಗಬೇಕೇ ಎಂದು ದೊಡ್ಡದಾಗಿ ಉಪನ್ಯಾಸವನ್ನೂ ಕೊಟ್ಟ. ಮೇಡಂ ವಾದಿಸಲಿಲ್ಲ. ಬರೀ ಲೆಕ್ಕ ಹಾಕಿ ನೋಡು, ಸುಳ್ಳಾದರೆ ಲೆಕ್ಕದಲ್ಲೇ ಸಿಕ್ಕಿಬೀಳುತ್ತದೆ ಎಂದರು.

ಆತ ಮೂರು ದಿನ ಲೆಕ್ಕ ಹಾಕಿದ. ಮೀನಿನ ಬೆಳವಣಿಗೆ ಗೊತ್ತಿಲ್ಲದವನು ಸುಳ್ಳು ಬರೆದಿದ್ದರೆ ಎಲ್ಲ ಮೀನೂ ವರ್ಷಕ್ಕೆ ಇಂತಿಷ್ಟೆಂದು ಒಂದೇ ಸಮನೆ ಬೆಳೆಯಬೇಕಿತ್ತು. ಪುಸ್ತಕದಲ್ಲಿ ಚಿಕ್ಕವು ಸರಸರ ಬೆಳೆದಿದ್ದವು, ದೊಡ್ಡವು ಮೆಲ್ಲಮೆಲ್ಲಗೆ; ಕೇಂದ್ರದ ಕೊಳದಲ್ಲಿ ಹಿಂದೆ ಸಾಕಿದ ಮೀನುಗಳ ದಾಖಲೆಯ ಮೇಲೆ ಈ ಅಂಕಿಗಳನ್ನಿಟ್ಟರೆ ಎರಡು ಗೆರೆಗಳೂ ಒಂದರ ಮೇಲೊಂದು ಕೂತವು. ಮೂರನೆಯ ದಿನ ಸಂಜೆ ಆತ ಕುರ್ಚಿ ಉರುಳಿಸಿಕೊಂಡೇ ಮೇಡಂ ಕೋಣೆಗೆ ಓಡಿದ. ಮೇಡಂ ಅಲ್ಲಿ ಇನ್ನೂ ದೊಡ್ಡದನ್ನು ಕಂಡುಹಿಡಿದು ಕೂತಿದ್ದರು. ಕೆಲವು ಮೀನುಗಳ ಮುಂದೆ ಒಂದೇ ಋತುವಿನಲ್ಲಿ, ಉದ್ದ ಅಷ್ಟೇ, ಎದೆ ಎರಡಿಂಚು ಸಡಿಲ ಎಂದು ಟೇಪಣ್ಣ ಬರೆದಿದ್ದರು. ಪಾಪ, ಗಿರಾಕಿ ಸೊರಗಿದೆ ಎಂದುಕೊಂಡಿದ್ದರು ಅವರು. ಮೀನು ಸೊರಗಿರಲಿಲ್ಲ, ಮೊಟ್ಟೆ ಇಟ್ಟು ಬಂದಿತ್ತು. ತಾಮ್ರಬಾಲ ನದಿಯಲ್ಲಿ ಇರುವುದಷ್ಟೇ ಅಲ್ಲ, ಮರಿ ಮಾಡುತ್ತಿದೆ! ಆ ಸಂಜೆ ಪಂಪಿನ ಸದ್ದನ್ನು ಮೀರಿ ಮೇಡಂ ನಕ್ಕದ್ದು ಹೊರಗಿನ ಗೇಟಿನವರೆಗೆ ಕೇಳಿಸಿತು.

ಆದರೆ ಪುಸ್ತಕವೊಂದರಿಂದ ಸಮಿತಿ ಒಪ್ಪುವಂತಿರಲಿಲ್ಲ, ಕಣ್ಣಾರೆ ಕಾಣಬೇಕಿತ್ತು. ಮೀನಿರುವ ಜಾಗವನ್ನು ಟೇಪಣ್ಣ ಹೇಳಲೊಲ್ಲರು. ಮೀನು ಸಿಗುವ ತಾಣವನ್ನು ಹೊರಗಿನವರಿಗೆ ಹೇಳಬಾರದೆಂಬುದು ಗಾಳದವರಲ್ಲಿ ಮಗಳ ಮದುವೆಯ ಮಾತಿಗಿಂತ ಗಟ್ಟಿಯಾದ ಕಟ್ಟಳೆ. ಅದಲ್ಲದೆ, ಹೇಳಿದರೆ ಕದ್ದು ಗಾಳ ಹಾಕಿದ್ದನ್ನು ಟೇಪಣ್ಣನೂ ಅದೇ ತಾಣದ ಗೆಳೆಯರೂ ಸೇರಿ ಒಂಬತ್ತು ಜನ ಒಟ್ಟಿಗೆ ಒಪ್ಪಿಕೊಂಡಂತೆ. ಒಂದು ಭಾನುವಾರ ಆ ಒಂಬತ್ತೂ ಜನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆಯ ಗಂಟುಗಳ ಮೇಲೆ ಕೂತು, ತಮ್ಮನ್ನು ದಂಡೆಯಿಂದ ಓಡಿಸಿದ ಹೆಂಗಸನ್ನು ದಿಟ್ಟಿಸಿ ನೋಡಿದರು. ಮೇಡಂ ಮೊದಲು ಕ್ಷಮೆ ಕೇಳಿದರು. ತನಗೆ ಮೀನು ಗೊತ್ತಿತ್ತು, ನದಿಯ ಪಕ್ಕ ಕೂತವರು ಗೊತ್ತಿರಲಿಲ್ಲ ಎಂದರು. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದರು. ಸಮೀಕ್ಷೆಗಾಗಿ ಗಾಳ ಹಾಕಲು ಈ ಒಂಬತ್ತು ಜನರನ್ನು ತಾನೇ ಕೇಳಿಕೊಂಡಿದ್ದೇನೆ, ನಿಯಮಭಂಗವಾಗಿದ್ದರೆ ಹೊಣೆ ತನ್ನದು ಎಂದು ಬರೆದು, ಸಹಿ ಹಾಕಿ, ಮೇಲಧಿಕಾರಿಗಳಿಗೆ ಆಗಲೇ ಕಳಿಸಿಬಿಟ್ಟಿದ್ದ ಪತ್ರದ ಪ್ರತಿ ಅದು.

“ಕೇಸು ಹಾಕಿದ್ರೆ ಪಟ್ಟಿಯಲ್ಲಿ ಮೊದಲನೇ ಹೆಸರು ನಂದೇ ಇರುತ್ತೆ,” ಎಂದರು. “ನಂಗೆ ಆ ಮೀನು ಬೇಕು.”

ಟೇಪಣ್ಣ ಉಳಿದವರ ಮುಖ ನೋಡಿದರು. ಆಮೇಲೆ ಸೀಮೆಸುಣ್ಣ ತೆಗೆದು, ಇಸ್ತ್ರಿ ಮೇಜಿನ ಮೇಲೆ ನದಿಯ ತಿರುವನ್ನು ಬರೆದು, ಒಂದು ಮಡುವಿಗೆ ಗುರುತು ಹಾಕಿದರು. ಅಲ್ಲಿ ತಳದ ತುಂಬ ಬಂಡೆಗಳು, ಮೇಲೆ ಸೆಳೆತ; ಯಾವ ಬಲೆ ಇಳಿಸಿದರೂ ಹರಿದೇ ಬರುತ್ತದೆ. ಕೇಂದ್ರದವರು ಮೂರು ವರ್ಷವೂ ಬಲೆ ಹಾಳಾಗುವುದೆಂದು ಬಿಟ್ಟು ಮುಂದೆ ಹೋಗುತ್ತಿದ್ದ ಜಾಗವೇ ಅದು. ಅಲ್ಲಿಗೆ ತಲುಪುವುದು ಗಾಳದ ದಾರವೊಂದೇ.

ಗಡುವಿಗೆ ಮೂರು ದಿನ ಉಳಿದಿದ್ದಾಗ ಸಮಿತಿಯ ಅಧ್ಯಕ್ಷರು ಸದಸ್ಯರೊಬ್ಬರೊಂದಿಗೆ ಮಡುವಿಗೆ ಬಂದರು. ಕಟ್ಟುನಿಟ್ಟಿನ ಮನುಷ್ಯ, ಆದರೆ ಮೋಸದವರಲ್ಲ. ಮೊದಲ ದಿನ ಏನೂ ಬೀಳಲಿಲ್ಲ. ಎರಡನೆಯ ದಿನ ಬಿದ್ದದ್ದು ಯಾವುದೋ ಸಣ್ಣಪುಟ್ಟ ಮೀನು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು, ಸಹೋದ್ಯೋಗಿ ಉಗುರು ಕಚ್ಚಿದ. ಮೂರನೆಯ ದಿನ ಬೆಳಗ್ಗೆ ಹತ್ತರ ಬಿಸಿಲಿನಲ್ಲಿ ಟೇಪಣ್ಣನ ಕೋಲು ಬಿಲ್ಲಿನಂತೆ ಬಾಗಿತು. ರೀಲು ಕಿರ್ರೆಂದು ದಾರ ಬಿಟ್ಟಿತು. ಒಂಬತ್ತೂ ಜನ, ಇಬ್ಬರು ಕಾವಲುಗಾರರು, ಮುಖ್ಯಸ್ಥೆ, ಎಲ್ಲರೂ ಮೊಣಕಾಲುದ್ದದ ನೀರಿಗಿಳಿದರು. ಅಧ್ಯಕ್ಷರು ಬೂಟಿನ ಸಮೇತ ಇಳಿದದ್ದು ಅವರಿಗೇ ಆಮೇಲೆ ತಿಳಿಯಿತು.

ಮಳೆಕೋಟಿನ ಬಟ್ಟೆಯಿಂದ ಟೇಪಣ್ಣ ತೊಟ್ಟಿಲಿನಂಥ ಉದ್ದನೆಯ ಜೋಲಿ ಹೊಲಿದು ತಂದಿದ್ದರು. ಮೀನನ್ನು ಅದರೊಳಗೆ ಸರಿಸಿ ನೀರಿನಲ್ಲೇ ಹಿಡಿದಾಗ ತಾಮ್ರದ ಬಾಲ ಒಮ್ಮೆ ಜೋರಾಗಿ ಬಡಿದು ಎಲ್ಲರ ಮುಖ ತೋಯಿಸಿತು. ಮೇಡಂ ಅಳುತ್ತಿದ್ದರೋ ನೀರೋ ಹೇಳುವಂತಿರಲಿಲ್ಲ. ಟೇಪಣ್ಣ ಬಾಲದ ಕೆಳಗಂಚು ನೋಡಿ, ಇದು ನಲವತ್ತೊಂದನೇ ನಂಬರು, ನಾಲ್ಕು ವರ್ಷದ ಹಿಂದೆ ಮೂವತ್ತನಾಲ್ಕು ಇತ್ತು ಎಂದರು. ಸಹೋದ್ಯೋಗಿ ಅಲ್ಲೇ ಬಂಡೆಯ ಮೇಲೆ ಲೆಕ್ಕ ಹಾಕಿ, ಪುಸ್ತಕ ನಿಜವಾಗಿದ್ದರೆ ಇವತ್ತಿನ ಉದ್ದ ಮೂವತ್ತೇಳಕ್ಕೂ ಮೂವತ್ತೆಂಟಕ್ಕೂ ನಡುವೆ ಇರಬೇಕೆಂದು ಚೀಟಿಯಲ್ಲಿ ಬರೆದು ಸದಸ್ಯರ ಕೈಗೆ ಕೊಟ್ಟ. ಮೇಡಂ ಟೇಪಣ್ಣನ ಕೊರಳಿನ ಪಟ್ಟಿ ತೆಗೆದು ಅಧ್ಯಕ್ಷರ ಕೈಗಿತ್ತು, ಅಳತೆಯನ್ನು ಅವರೇ ತೆಗೆಯಬೇಕೆಂದು ಕೋರಿದರು.

ಅಧ್ಯಕ್ಷರು ಎರಡು ಸಲ ಅಳೆದರು. ಮೂವತ್ತೇಳೂವರೆ.

ದಂಡೆಯಲ್ಲಿ ಎದ್ದ ಗದ್ದಲದ ನಡುವೆಯೇ ಅಧ್ಯಕ್ಷರು ವ್ಯಾನಿನಲ್ಲಿದ್ದ, ಸತ್ತ ಮೀನನ್ನು ಕೆಡದಂತೆ ದ್ರಾವಣದಲ್ಲಿಡುವ ದೊಡ್ಡ ಜಾಡಿ ತರಲು ಹೇಳಿದರು. ಸಮಿತಿಯಲ್ಲಿ ಉಳಿದ ಐವರು ಕಾಲುವೆಯ ಪರ, ಮಾತಿನಿಂದ ಅವರು ಒಪ್ಪುವುದಿಲ್ಲ, ಮೀನನ್ನೇ ತಂದು ಮೇಜಿನ ಮೇಲಿಟ್ಟರೆ ಯಾರೂ ಬಾಯಿ ತೆಗೆಯಲಾರರು ಎಂಬುದು ಅವರ ವಾದ. ಅದು ಸುಳ್ಳೂ ಆಗಿರಲಿಲ್ಲ. ಒಂಬತ್ತು ಜನರ ಕಣ್ಣೂ ಮೇಡಂ ಮೇಲೆ ನೆಟ್ಟವು. ಮೀನಿನ ಹೊಟ್ಟೆ ಮೊಟ್ಟೆಯಿಂದ ಬಿರಿಯುವಂತಿತ್ತು. ಜಾಡಿಗೆ ಹಾಕಿದರೆ ನದಿ ಖಂಡಿತ ಉಳಿಯುತ್ತದೆ, ಬಿಟ್ಟರೆ ಉಳಿದೀತೆಂಬ ಭರವಸೆಯಿಲ್ಲ. ಇಡೀ ಸೇವಾವಧಿಯಲ್ಲಿ ಅಷ್ಟು ಉದ್ದದ ಅರ್ಧ ನಿಮಿಷವನ್ನು ತಾನು ಕಂಡಿಲ್ಲವೆಂದು ಮೇಡಂ ಹೇಳುತ್ತಾರೆ.

“ಜಾಡಿಯೊಳಗಿರೋ ಮೀನು ಮೊಟ್ಟೆ ಇಡಲ್ಲ ಸರ್,” ಎಂದರು ಅವರು. ಜೋರು ದನಿಯ ಮೇಡಂ ಅಷ್ಟು ಮೆತ್ತಗೆ ಮಾತಾಡಿದ್ದು ಅದೇ ಮೊದಲು. “ಇವರೆಲ್ಲ ಹನ್ನೊಂದು ವರ್ಷ ಬಿಟ್ಟಿದ್ದನ್ನ ನಾನು ಇವತ್ತು ಕೊಲ್ಲೋಕಾಗಲ್ಲ.”

ಹೇಳಿ ಜೋಲಿಯ ಒಂದು ತುದಿಯನ್ನು ಬಗ್ಗಿಸಿದರು. ಮೀನು ಒಂದು ಕ್ಷಣ ಅವರ ಕಾಲಿನ ಪಕ್ಕದಲ್ಲೇ ಕಿವಿರಾಡಿಸುತ್ತ ನಿಂತು, ಆಮೇಲೆ ಮಡುವಿಗೆ ಇಳಿದುಹೋಯಿತು. ಮೇಡಂ ಒದ್ದೆ ಕೈಯಲ್ಲೇ ಟೇಪಣ್ಣನ ಪುಸ್ತಕ ತೆರೆದು, ನಲವತ್ತೊಂದರ ಕೆಳಗೆ ಈ ದಿನದ ಅಳತೆಯನ್ನು ತಮ್ಮ ಅಕ್ಷರದಲ್ಲೇ ಬರೆದುಕೊಡಿ ಎಂದು ಅಧ್ಯಕ್ಷರ ಮುಂದೆ ಹಿಡಿದರು. ಅವರು ಪೆನ್ನು ತೆಗೆದು, ಬರೆದು, ಸಹಿ ಹಾಕಿದರು.

ಸಮಿತಿಯ ಸಭೆಯಲ್ಲಿ ಮೇಡಂ ಮೊದಲು ಹೇಳಿದ್ದು ನಿಷೇಧದ ಆದೇಶ ಬರೆದವಳು ತಾನು, ಅದು ತಪ್ಪಾಗಿತ್ತು, ದಂಡೆಯ ಕಾವಲನ್ನು ತಾನೇ ಓಡಿಸಿದೆ ಎಂದು. ಆಮೇಲೆ ಪುಸ್ತಕವನ್ನು ಮೇಜಿನ ಮೇಲಿಟ್ಟರು. ದರ್ಜಿಯ ಪುಸ್ತಕ ನೋಡಿ ಐವರೂ ನಕ್ಕರು. ಒಬ್ಬರಂತೂ ಅಧ್ಯಕ್ಷರತ್ತ ತಿರುಗಿ, ಮೀನನ್ನು ನೀವು ನಿಜವಾಗಿ ನೋಡಿದಿರಾ ಎಂದು ಕುಹಕವಾಗಿ ಕೇಳಿದರು.

“ನೋಡಿದ್ದಲ್ಲ, ಅಳೆದೆ,” ಎಂದರು ಅಧ್ಯಕ್ಷರು, ತಮ್ಮ ಸಹಿಯ ಮೇಲೆ ಬೆರಳಿಟ್ಟು. “ಎರಡು ಸಲ.”

ಆ ಬೆರಳಿನ ಮುಂದೆ ನಗು ಉಳಿಯಲಿಲ್ಲ. ಚೀಟಿ ಇಟ್ಟುಕೊಂಡಿದ್ದ ಸದಸ್ಯರು ಅದನ್ನೂ ಪಕ್ಕದಲ್ಲಿಟ್ಟರು. ಕಾಲುವೆಯ ಪ್ರಸ್ತಾವ ಬಿದ್ದುಹೋಯಿತು. ನಿಷೇಧವನ್ನು ಹಿಂತೆಗೆದುಕೊಳ್ಳುವ ಆದೇಶವನ್ನು ಮೇಡಂ ತಮ್ಮ ಕೈಯಾರೆ ಬರೆದು, ಒಂಬತ್ತು ಪ್ರತಿ ಮಾಡಿಸಿ, ಒಂಬತ್ತು ಮನೆಗಳಿಗೂ ತಾವೇ ನಡೆದು ಹೋಗಿ ಕೊಟ್ಟುಬಂದರು.

ಅದಾಗಿ ಹದಿಮೂರು ವರ್ಷವಾಯಿತು. ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ, ನೀರಿನಿಂದ ಎತ್ತದೆ ಅಳೆಯುವುದು, ಮೊಟ್ಟೆಯಿಡುವ ತಿಂಗಳುಗಳಲ್ಲಿ ಗಾಳಕ್ಕೆ ಪೂರ್ಣ ರಜೆ: ಇವಿಷ್ಟು ನಿಯಮಗಳೊಂದಿಗೆ ಇಂದು ನಾನೂರಕ್ಕೂ ಹೆಚ್ಚು ಹವ್ಯಾಸಿಗಳು ಪರವಾನಗಿ ಪಡೆದು ಅಳತೆಪಟ್ಟಿ ಹಿಡಿದು ದಂಡೆಯಲ್ಲಿ ಕೂರುತ್ತಾರೆ. ಪರವಾನಗಿಯ ಶುಲ್ಕದಿಂದ ಕಾವಲುಗಾರರು ಇಬ್ಬರಿಂದ ಹನ್ನೆರಡಾಗಿದ್ದಾರೆ. ಸಿಡಿಮದ್ದಿನವರು ಬಂದರೆ ಕೇಂದ್ರದ ಫೋನು ಹತ್ತು ನಿಮಿಷದಲ್ಲಿ ಹತ್ತು ಸಲ ಬಡಿದುಕೊಳ್ಳುತ್ತದೆ. ನಂಬರು ಪಡೆದ ತಾಮ್ರಬಾಲಗಳು ಸಾವಿರ ದಾಟಿವೆ. ಬೇರೆ ಮೂರು ನದಿಗಳವರು ಬಂದು ಈ ಕ್ರಮವನ್ನು ಕಲಿತು ಹೋಗಿದ್ದಾರೆ. ಅವರಿಗೆ ಪಾಠ ಹೇಳುವುದು ಈಗ ಎಪ್ಪತ್ತೆರಡರ ಟೇಪಣ್ಣ, ಮೇಡಂ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ.

ಇಷ್ಟೆಲ್ಲ ಆದರೂ ಮೇಡಂ ಇಂದಿನವರೆಗೆ ಒಮ್ಮೆಯೂ ಗಾಳ ಹಿಡಿದಿಲ್ಲ. ಇಲಾಖೆಯವರಿಗೆ ಪರವಾನಗಿ ಕೊಡುವಂತಿಲ್ಲವೆಂಬ ನಿಯಮವನ್ನು ಮಾಡಿದವರೂ ಅವರೇ. ನಿವೃತ್ತಿಯ ಮರುದಿನದ ತಾರೀಖು ಹಾಕಿದ ಅರ್ಜಿಯೊಂದು ಈಗಾಗಲೇ ಕಚೇರಿಗೆ ಬಂದು ಬಿದ್ದಿದೆ. ಅನುಭವ ಎಂಬ ಕಲಮಿನ ಮುಂದೆ ಅವರು ‘ಏನೂ ಇಲ್ಲ’ ಎಂದು ಬರೆದಿದ್ದಾರೆ. ಅದನ್ನು ಓದಿ ಕಚೇರಿಯವರೆಲ್ಲ ನಕ್ಕರು, ನಗುತ್ತಲೇ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಅರ್ಜಿ ಮಂಜೂರಾಗಿದೆ ಎಂದು ಈ ಲೇಖನದ ಮೂಲಕವೇ ತಿಳಿಸಲು ಸಂತೋಷವಾಗುತ್ತದೆ.

ಮೇಡಂ ಅವರಿಗೆ ತುಂಬು ಆಯುಷ್ಯವಿರಲಿ, ಮೊಣಕಾಲುಗಳಿಗೆ ನೀರಿನಲ್ಲಿ ನಿಲ್ಲುವ ಶಕ್ತಿ ಇರಲಿ, ಆ ಜೋರು ದನಿ ಹಾಗೆಯೇ ಇರಲಿ. ಅವರ ಗಾಳಕ್ಕೆ ಬೀಳುವ ಮೊದಲ ತಾಮ್ರಬಾಲ ಇಲ್ಲಿಯವರೆಗೆ ಯಾರ ಪುಸ್ತಕದಲ್ಲೂ ನಂಬರಿಲ್ಲದ, ಅವರು ಉಳಿಸಿಕೊಟ್ಟ ನದಿಯಲ್ಲೇ ಹುಟ್ಟಿ ಬೆಳೆದ ಮೀನಾಗಿರಲಿ.